ತರಗು ಬೆಂಕಿ ನಿಂತ ಮೇಲೆ

1840ರ ದಶಕದ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸರ್ಕಾರಿ ವೈದ್ಯನಿದ್ದ. ಹುಟ್ಟಿದ್ದು 1820ರಲ್ಲಿ, ಮದರಾಸಿನಲ್ಲಿ. ವೈದ್ಯಕೀಯ ಓದಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಜ್ವರ, ಸಿಡುಬು ನೋಡಿಕೊಳ್ಳುವ ಕೆಲಸದ ನಡುವೆಯೇ ಗಿಡಮರಗಳ ಹುಚ್ಚು ಹಿಡಿಸಿಕೊಂಡವನು. ಇಲ್ಲಿನ ಚಿತ್ರಕಾರನೊಬ್ಬನನ್ನು ಜೊತೆಗಿಟ್ಟುಕೊಂಡು ದಿನಕ್ಕೊಂದರಂತೆ ಮಲೆನಾಡಿನ ಗಿಡಗಳ ಚಿತ್ರ ಬರೆಸಿದ. ಆ ಚಿತ್ರಗಳು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಇಂದಿಗೂ ಇವೆ. ಭಾರತದ ಕಾಡುಗಳಿಗೆ ಬೆಂಕಿ ಬೀಳಬಾರದು ಎಂಬ ನೀತಿಯ ಕಥೆ ಶುರುವಾಗುವ ಜಾಗಗಳಲ್ಲಿ ನಮ್ಮ ಶಿವಮೊಗ್ಗವೂ ಒಂದು, ಆ ಕಥೆಯ ಮೊದಲ ಪಾತ್ರಗಳಲ್ಲಿ ಈ ಡಾಕ್ಟರೂ ಒಬ್ಬ.

ಕ್ಲೆಗಾರ್ನನ ಕಣ್ಣು ಕುಕ್ಕಿದ್ದು ಕುಮರಿ. ಘಟ್ಟದ ಇಳಿಜಾರಿನಲ್ಲಿ ಒಂದು ತುಂಡು ಕಾಡನ್ನು ಆರಿಸಿಕೊಂಡು, ಚಳಿಗಾಲದಲ್ಲಿ ಸವರಿ, ಬಿಸಿಲಿಗೆ ಒಣಗಲು ಬಿಟ್ಟು, ಮಳೆಗೆ ಮುಂಚೆ ಸುಟ್ಟು, ಆ ಬೂದಿಯ ಮೇಲೆ ರಾಗಿಯನ್ನೋ ಸಾಮೆಯನ್ನೋ ಚೆಲ್ಲುವ ಬೇಸಾಯ ಅದು. ಎತ್ತು, ನೇಗಿಲು ಬೇಡ. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ವರ್ಷಾನುಗಟ್ಟಲೆ ಪಾಳು ಬಿಟ್ಟು ಮುಂದಿನ ತುಂಡಿಗೆ ಹೋಗುವುದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರಿನ ಉದ್ದಗಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಈ ಬೇಸಾಯವನ್ನು ಕಂಡು ಬರೆದಿಟ್ಟಿದ್ದ. ಬುಕಾನನ್‌ಗೆ ಅದು ಒಂದು ಬೇಸಾಯದ ಪದ್ಧತಿಯಾಗಿ ಕಂಡಿತ್ತು. ಕ್ಲೆಗಾರ್ನನಿಗೆ ಕಂಡದ್ದು ಸುಟ್ಟು ಕರಕಲಾದ ತೇಗ. ಆತ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್‌ಗೆ ವರದಿ ಬರೆದ. ಅದೇ ದಶಕದ ಕೊನೆಯ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಕುಮರಿಗೆ ತಡೆ ಬಿತ್ತು. 1856ರ ಕೊನೆಯಲ್ಲಿ ಕ್ಲೆಗಾರ್ನ್ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಕನಾದ. ಆಗ ಕೆನರಾ ಜಿಲ್ಲೆ ಇಡಿಯಾಗಿ ಮದರಾಸಿಗೇ ಸೇರಿತ್ತು. 1860ರಲ್ಲಿ ಅಲ್ಲಿಯೂ ಸರ್ಕಾರದ ಅಪ್ಪಣೆಯಿಲ್ಲದೆ ಕುಮರಿ ಕಡಿಯಕೂಡದು ಎಂಬ ಆಜ್ಞೆ ಹೊರಬಿತ್ತು.

ಆ ಮನುಷ್ಯನನ್ನು ಖಳನಾಯಕನನ್ನಾಗಿ ಮಾಡಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಕಾಡು ಹೋದರೆ ಹಳ್ಳ ಬತ್ತುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ ಎಂದು ಸರ್ಕಾರಕ್ಕೆ ಗಟ್ಟಿಯಾಗಿ ಹೇಳಿದ ಮೊದಲಿಗರಲ್ಲಿ ಆತ ಒಬ್ಬ. 1851ರಷ್ಟು ಹಿಂದೆಯೇ ಬ್ರಿಟನ್ನಿನ ವಿಜ್ಞಾನ ಸಂಘದ ಮುಂದೆ ಭಾರತದ ಕಾಡುಗಳ ನಾಶದ ಕುರಿತು ವರದಿ ಮಂಡಿಸಿದವನು. ಆದರೆ ಕಾಲ ಎಂಥದ್ದು ನೋಡಿ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಮದರಾಸಿನ ರಾಯಪುರದಿಂದ ಹೊರಟದ್ದು 1856ರ ಜುಲೈನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಲೆಗಾರ್ನ್ ಹುದ್ದೆಗೆ ಬಂದ. ಹಳಿಗಳ ಕೆಳಗೆ ಹಾಸಲು ಸ್ಲೀಪರ್ ಬೇಕು, ಹಡಗಿಗೆ ತೇಗ ಬೇಕು, ಎಂಜಿನ್‌ಗೆ ಸೌದೆ ಬೇಕು. ಕೊಡಲಿ ಎಲ್ಲ ದಿಕ್ಕಿನಿಂದಲೂ ಬೀಳುತ್ತಿದ್ದ ಹೊತ್ತಿನಲ್ಲಿ ರೈಲು ಕಂಪನಿಯನ್ನು ತಡೆಯುವ ಶಕ್ತಿ ಯಾವ ಸಂರಕ್ಷಕನಿಗೂ ಇರಲಿಲ್ಲ. ತಡೆಯಬಹುದಾಗಿದ್ದುದು ಇಳಿಜಾರಿನಲ್ಲಿ ರಾಗಿ ಚೆಲ್ಲುತ್ತಿದ್ದವರ ಕೈಯನ್ನು ಮಾತ್ರ. ಮೊದಲ ತಡೆ ಬಿದ್ದದ್ದು ಅಲ್ಲಿಯೇ.

1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಅದೇ ವರ್ಷ ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. 1865ರಲ್ಲಿ ಮೊದಲ ಅರಣ್ಯ ಕಾಯಿದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಎರಡನೆಯದು ಬಂದವು. ಯುರೋಪಿನ ಅರಣ್ಯಶಾಸ್ತ್ರ ಬೆಳೆದದ್ದು ವರ್ಷವಿಡೀ ತೇವವಿರುವ, ಬೇಸಿಗೆಯಲ್ಲೂ ಎಲೆ ಹಸಿರಾಗಿರುವ ಕಾಡುಗಳಲ್ಲಿ. ಅಲ್ಲಿ ಓದಿ ಬಂದವರಿಗೆ ಬೇಸಿಗೆ ಬಂತೆಂದರೆ ಮಧ್ಯ ಭಾರತದಿಂದ ಮೈಸೂರಿನವರೆಗೆ ಬೆಟ್ಟಬೆಟ್ಟದಲ್ಲೂ ಏಳುತ್ತಿದ್ದ ಹೊಗೆ ಅನಾಹುತವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಹುಲ್ಲು ಚಿಗುರಲೆಂದು ದನಗಾಹಿಗಳು ಹಚ್ಚುತ್ತಿದ್ದರು. ಹಿಪ್ಪೆಯ ಹೂ ಆಯಲು ಮರದ ಬುಡ ಚೊಕ್ಕಟವಾಗಲೆಂದು ಹಚ್ಚುತ್ತಿದ್ದರು. ದಾರಿ ಕಾಣಲಿ, ಹಾವು ಹುಲಿ ದೂರವಿರಲಿ ಎಂದೂ ಹಚ್ಚುತ್ತಿದ್ದರು. ಇದನ್ನೆಲ್ಲ ನಿಲ್ಲಿಸಲು ಸಾಧ್ಯವೇ ಇಲ್ಲ ಎಂದು ಇಲಾಖೆಯ ಒಳಗಿದ್ದವರೇ ಆಡಿಕೊಳ್ಳುತ್ತಿದ್ದರಂತೆ. ಅಂಥ ಹೊತ್ತಿನಲ್ಲಿ ಕರ್ನಲ್ ಪಿಯರ್ಸನ್ ಎಂಬ ಅಧಿಕಾರಿ ಇಂದಿನ ಮಧ್ಯಪ್ರದೇಶದ ಸಾತ್ಪುರ ಬೆಟ್ಟಗಳಲ್ಲಿರುವ ಬೋರಿ ಕಾಡಿನ ಸುತ್ತ ಗಡಿ ಹಾಕಿ, ಕಿಚ್ಚು ದಾಟದಂತೆ ಗಿಡಗಂಟಿ ಸವರಿದ ಬೆಂಕಿ ರೇಖೆ ಕಡಿಸಿ, ಕಾವಲು ನಿಲ್ಲಿಸಿ, 1860ರ ದಶಕದ ನಡುವಿನಲ್ಲಿ ಬೆಂಕಿಯನ್ನು ಹೊರಗಿಟ್ಟು ತೋರಿಸಿಬಿಟ್ಟ. ಬೋರಿ ಮಾದರಿಯಾಯಿತು. ಅಲ್ಲಿಂದ ಮುಂದೆ ಪ್ರತಿ ಪ್ರಾಂತ್ಯದ ವಾರ್ಷಿಕ ವರದಿಯಲ್ಲೂ ಇಷ್ಟು ಚದರ ಮೈಲಿಗೆ ಬೆಂಕಿ ರಕ್ಷಣೆ, ಅದರಲ್ಲಿ ಇಷ್ಟು ಯಶಸ್ಸು ಎಂಬ ಲೆಕ್ಕ ಕಾಯಂ ಆಯಿತು. ಒಳ್ಳೆಯ ಅರಣ್ಯಾಧಿಕಾರಿ ಎಂದರೆ ಕಾಡು ಸುಡಲು ಬಿಡದವನು.

ಈ ಲೆಕ್ಕದಲ್ಲಿ ತಪ್ಪಿದೆ ಎಂದು ಮೊದಲು ಕೂಗಿ ಹೇಳಿದವನೂ ಇಲಾಖೆಯವನೇ ಎಂಬುದನ್ನು ನಾವು ಮರೆತಿದ್ದೇವೆ. ಬರ್ಮಾದಲ್ಲಿ ಕೆಲಸ ಮಾಡುತ್ತಿದ್ದ ಎಚ್. ಸ್ಲೇಡ್ 1896ರಲ್ಲಿ ಅರಣ್ಯಾಧಿಕಾರಿಗಳದೇ ಪತ್ರಿಕೆಯಾದ ‘ಇಂಡಿಯನ್ ಫಾರೆಸ್ಟರ್’ನಲ್ಲಿ, ಬರ್ಮಾದಲ್ಲಿ ಬೆಂಕಿ ರಕ್ಷಣೆ ಅತಿಯಾಯಿತು ಎಂದು ಲೇಖನ ಬರೆದ. ವರ್ಷಗಟ್ಟಲೆ ಬೆಂಕಿ ಕಾಣದ ತೇಗದ ಕಾಡಿನಲ್ಲಿ ಹೊಸ ತೇಗವೇ ಏಳುತ್ತಿರಲಿಲ್ಲ. ತೇಗಕ್ಕೆ ಬಿಸಿಲು ಬೇಕು, ಬರಿ ನೆಲ ಬೇಕು. ಗಟ್ಟಿ ಸಿಪ್ಪೆಯ ಅದರ ಬೀಜಕ್ಕೆ ಕಾವು ತಗುಲಿದರೆ ಮೊಳಕೆ ಸಲೀಸು. ಬೆಂಕಿ ನಿಂತದ್ದೇ ತಡ, ನೆರಳು ಸಹಿಸುವ ಗಿಡಗಳೂ ಬಿದಿರೂ ಒತ್ತಿಬಂದು ತೇಗದ ಸಸಿಯನ್ನು ಮುಚ್ಚಿದವು. ಯಾವ ಮರವನ್ನು ಉಳಿಸಲೆಂದು ಇಷ್ಟೆಲ್ಲ ಕಾವಲು ಹಾಕಿದ್ದರೋ ಆ ಮರಕ್ಕೇ ಕಾವಲು ಕಂಟಕವಾಗಿತ್ತು. ವರ್ಷಗಳ ಜಗಳದ ನಂತರ ಬರ್ಮಾದ ತೇವದ ತೇಗದ ಕಾಡುಗಳಲ್ಲಿ ಬೆಂಕಿ ರಕ್ಷಣೆಯನ್ನು ಸಡಿಲಿಸಿದರು. ಬಂಗಾಳ, ಅಸ್ಸಾಮಿನ ಸಾಲ ವೃಕ್ಷದ ಕಾಡುಗಳಲ್ಲೂ ಇದೇ ಆಯಿತು. ದಶಕಗಳ ರಕ್ಷಣೆಯ ನಂತರ ಎಳೆಯ ಸಾಲ ಕಾಣೆಯಾದಾಗ, 1920ರ ದಶಕದಲ್ಲಿ ಅಧಿಕಾರಿಗಳೇ ಸುಡಲು ಶುರುಮಾಡಿದರು.

ಈ ನೀತಿ ಸಮುದ್ರವನ್ನೂ ದಾಟಿತು. ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥ ಗಿಫರ್ಡ್ ಪಿಂಚೋ ಯುವಕನಾಗಿದ್ದಾಗ ಸಲಹೆ ಕೇಳಿಕೊಂಡು ಹೋದದ್ದು ನಿವೃತ್ತಿಯಾಗಿ ಬಾನ್ ನಗರದಲ್ಲಿದ್ದ ಇದೇ ಬ್ರಾಂಡಿಸ್ ಬಳಿಗೆ. 1910ರ ಆಗಸ್ಟ್‌ನಲ್ಲಿ ಅಮೆರಿಕದ ಐಡಹೊ, ಮೊಂಟಾನ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋದ ಮೇಲೆ ಅಲ್ಲಿನ ಅರಣ್ಯ ಸೇವೆಯವರು ಇನ್ನಷ್ಟು ಬಿಗಿಯಾದರು. 1935ರ ಹೊತ್ತಿಗೆ, ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಆರಿಸಲೇಬೇಕು ಎಂಬ ನಿಯಮ ಬಂತು. ಆರಿಸುತ್ತ ಆರಿಸುತ್ತ ಕಾಡಿನ ನೆಲದಲ್ಲಿ ಒಣ ಸೌದೆ ಕೂಡುತ್ತಲೇ ಹೋಯಿತು. ಕ್ಯಾಲಿಫೋರ್ನಿಯ ಇಂದು ಅನುಭವಿಸುತ್ತಿರುವ ಕಾಳ್ಗಿಚ್ಚಿನಲ್ಲಿ ಅದರ ಪಾಲು ದೊಡ್ಡದು.

ಈ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು 1921ರ ಕುಮಾವೂಂ. ಇಂದಿನ ಉತ್ತರಾಖಂಡದ ಬೆಟ್ಟಸೀಮೆ. ಅಲ್ಲಿ ಎರಡು ಬಗೆಯ ಕಾಡು. ಒಂದು ಬಾಂಜ್, ಅಂದರೆ ಓಕ್. ಅದರ ಎಲೆ ದನಕ್ಕೆ ಮೇವು, ತರಗು ಹೊಲಕ್ಕೆ ಗೊಬ್ಬರ, ಬುಡದಲ್ಲಿ ನೀರಿನ ಒರತೆ. ಇನ್ನೊಂದು ಚೀಡ್, ಪೈನ್ ಜಾತಿಯ ಮರ. ಅದರ ಸೂಜಿಯಂಥ ಎಲೆ ಉದುರಿ ನೆಲಕ್ಕೆ ದಪ್ಪ ಹಾಸು ಬೀಳುತ್ತದೆ. ಅದನ್ನು ಅಲ್ಲಿನವರು ಪಿರೂಲ್ ಎನ್ನುತ್ತಾರೆ. ಪಿರೂಲ್ ಬಿದ್ದಲ್ಲಿ ಹುಲ್ಲು ಮೇಲೇಳುವುದಿಲ್ಲ, ಕಡಿದಾದ ದಾರಿಯಲ್ಲಿ ದನ ಜಾರಿ ಬೀಳುತ್ತವೆ. ಹಾಗಾಗಿ ಬೇಸಿಗೆಗೆ ಮುಂಚೆ ಅದನ್ನು ಸುಡುವುದು ಊರಿನ ವಾಡಿಕೆ. ಸುಟ್ಟ ಕೆಲವು ವಾರಕ್ಕೆ ಹಸಿರು ಹುಲ್ಲು. ಆದರೆ ಸರ್ಕಾರಕ್ಕೆ ಚೀಡ್ ಎಂದರೆ ದುಡ್ಡು. ಮರದ ಮೈಯಲ್ಲಿ ಗಾಯ ಮಾಡಿ ಇಳಿಸಿದ ರಾಳದಿಂದ ಟರ್ಪೆಂಟೈನ್, ಮರದಿಂದ ರೈಲಿನ ಸ್ಲೀಪರ್. 1911ರಿಂದ 1917ರ ನಡುವೆ ಕುಮಾವೂಂನ ಕಾಡುಗಳನ್ನು ಮೀಸಲು ಅರಣ್ಯವೆಂದು ಘೋಷಿಸುತ್ತ ಹೋದರು. ಸೊಪ್ಪು ಸವರುವುದಕ್ಕೆ, ದನ ಮೇಯಿಸುವುದಕ್ಕೆ, ಸುಡುವುದಕ್ಕೆ, ಎಲ್ಲಕ್ಕೂ ಕಟ್ಟು. 1916ರಲ್ಲೇ ಒಮ್ಮೆ ಕಾಡು ಉರಿದಿತ್ತು.

1921ರ ಜನವರಿ, ಉತ್ತರಾಯಣದ ಜಾತ್ರೆ. ಬಾಗೇಶ್ವರದಲ್ಲಿ ಸರಯೂ ನದಿಯ ದಡದಲ್ಲಿ ಸೇರಿದ ಜನ, ಬದರಿ ದತ್ತ ಪಾಂಡೆ ಮತ್ತಿತರರ ನೇತೃತ್ವದಲ್ಲಿ, ಬಿಟ್ಟಿ ಚಾಕರಿಯ ಕೂಲಿ ಪಟ್ಟಿಗಳನ್ನು ನದಿಗೆ ಎಸೆದರು. ಸಾಹೇಬರ ಸಾಮಾನು ಹೊರುವ ಚಾಕರಿ ಅಲ್ಲಿಗೆ ಮುಗಿಯಿತು. ಗಾಂಧಿಯವರ ಅಸಹಕಾರ ಚಳವಳಿಯ ಕಾವು ದೇಶದ ತುಂಬ ಹರಡಿದ್ದ ಕಾಲ. ಆ ಬೇಸಿಗೆ ಬಂದಾಗ ಕುಮಾವೂಂನ ಮೀಸಲು ಕಾಡುಗಳು ಒಂದಾದ ಮೇಲೊಂದರಂತೆ ಹೊತ್ತಿಕೊಂಡವು. ಲಕ್ಷಾಂತರ ಎಕರೆ ಕಾಡಿಗೆ ಬೆಂಕಿ ಬಿತ್ತು. ರಾಳಕ್ಕಾಗಿ ಕೊಯ್ದ ಗಾಯಗಳಿಗೆ ಕಿಚ್ಚು ತಗುಲಿ ಮರಗಳು ಬುಡದಿಂದಲೇ ಉರಿದವು. ದಾಸ್ತಾನು ಮಾಡಿದ್ದ ರಾಳವೂ ಬೂದಿಯಾಯಿತು. ಆರಿಸಲು ಬನ್ನಿ ಎಂದು ಇಲಾಖೆ ಕರೆದರೆ ಹಳ್ಳಿಯವರು ಬರಲಿಲ್ಲ.

ಇತಿಹಾಸಕಾರ ರಾಮಚಂದ್ರ ಗುಹಾ ಈ ದಂಗೆಯ ಕಡತಗಳನ್ನು ಕೆದಕಿದಾಗ ಒಂದು ಸಂಗತಿ ಎದ್ದು ಕಂಡಿತು. ಸುಟ್ಟದ್ದು ಬಹುಪಾಲು ಸರ್ಕಾರಕ್ಕೆ ಆದಾಯ ತರುತ್ತಿದ್ದ ಚೀಡ್ ಕಾಡು. ತಮಗೆ ಬೇಕಾದ ಬಾಂಜ್ ಕಾಡನ್ನು ಜನ ಹೆಚ್ಚಾಗಿ ಮುಟ್ಟಿರಲಿಲ್ಲ. ಒಣಗಿದ ಬೇಸಿಗೆಯಲ್ಲಿ ಇಡೀ ಒಂದು ಸೀಮೆ ಉರಿಯುತ್ತಿರುವಾಗಲೂ ಯಾವುದು ಸುಡಬೇಕು, ಯಾವುದು ಸುಡಬಾರದು ಎಂಬ ಎಚ್ಚರ ತಪ್ಪಿರಲಿಲ್ಲ. ಕಡ್ಡಿ ಗೀರಿದ ಆ ಕೈಗಳಿಗೆ ಬೆಂಕಿಯ ವಿದ್ಯೆ ಚೆನ್ನಾಗಿ ಗೊತ್ತಿತ್ತು, ಇಲಾಖೆಗಿಂತ ಚೆನ್ನಾಗಿ ಗೊತ್ತಿತ್ತು ಎಂದೇ ನಾನು ಹೇಳುತ್ತೇನೆ. ಸರ್ಕಾರ ಸಮಿತಿ ಮಾಡಿತು, ಕಮಿಷನರ್ ಪರ್ಸಿ ವಿಂಡಮ್ ಅದರ ಅಧ್ಯಕ್ಷ. ಜನರಿಗೆ ಬೇಕಾದ ಕಾಡುಗಳ ಮೇಲಿನ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿದರು. 1931ರಲ್ಲಿ ಹಳ್ಳಿಯವರೇ ಕಾಡು ನೋಡಿಕೊಳ್ಳುವ ವನ ಪಂಚಾಯತಿಗಳ ನಿಯಮ ಬಂತು. ಇಂದಿಗೂ ಉತ್ತರಾಖಂಡದಲ್ಲಿ ಸಾವಿರಾರು ವನ ಪಂಚಾಯತಿಗಳಿವೆ. ಬೆಂಕಿಯ ಜಗಳದಿಂದ ಹುಟ್ಟಿದ ಇಂಥ ಸಂಸ್ಥೆ ದೇಶದಲ್ಲಿ ಬೇರೆಡೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಆದರೆ ಕಾನೂನು ಕಲಿತದ್ದು ಬೇರೆ ಪಾಠ. 1927ರ ಭಾರತೀಯ ಅರಣ್ಯ ಕಾಯಿದೆಯ 26ನೇ ಸೆಕ್ಷನ್ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. 79ನೇ ಸೆಕ್ಷನ್ ಪ್ರಕಾರ ಕಾಡಿನಲ್ಲಿ ಹಕ್ಕಿರುವವರು ಬೆಂಕಿ ಕಂಡರೆ ಸುದ್ದಿ ಮುಟ್ಟಿಸಬೇಕು, ಆರಿಸಲು ಕೈಗೂಡಿಸಬೇಕು. ಬೆಂಕಿಯ ವಿಷಯದಲ್ಲಿ ಕಾಡಿನವರಿಗೆ ಕರ್ತವ್ಯ ಉಳಿಯಿತು, ಅಧಿಕಾರ ಹೋಯಿತು. ಸ್ವಾತಂತ್ರ್ಯದ ನಂತರ ಬಂದ 1963ರ ಕರ್ನಾಟಕ ಅರಣ್ಯ ಕಾಯಿದೆಯೂ ಅದೇ ಜಾಡು ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಭಯಾರಣ್ಯದೊಳಗೆ ಬೆಂಕಿ ಹೊತ್ತಿಸುವುದನ್ನೇ ನಿಷೇಧಿಸಿತು. ಬರ್ಮಾದ ತೇಗ, ಬಂಗಾಳದ ಸಾಲ ಹೇಳಿಕೊಟ್ಟದ್ದು ಅರಣ್ಯಶಾಸ್ತ್ರದ ಪುಸ್ತಕಗಳಲ್ಲಿ ಉಳಿಯಿತು. ಕಾಯಿದೆಯ ಪುಸ್ತಕಕ್ಕೆ ಬರಲಿಲ್ಲ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಬರೋಣ. ಪಶ್ಚಿಮ ಘಟ್ಟ, ಪೂರ್ವ ಘಟ್ಟಗಳೆರಡೂ ಕೈಹಿಡಿಯುವ ಬೆಟ್ಟಸಾಲು. ಕೆಳಗೆ ಕುರುಚಲು, ಮೇಲೆ ಎಲೆ ಉದುರುವ ಕಾಡು, ಅದಕ್ಕೂ ಮೇಲೆ ಶೋಲಾ ಮತ್ತು ಹುಲ್ಲುಗಾವಲು. ಇಲ್ಲಿನ ಆದಿವಾಸಿಗಳಾದ ಸೋಲಿಗರ ಪೋಡುಗಳು, ಅಂದರೆ ಹಾಡಿಗಳು, ಎಷ್ಟು ತಲೆಮಾರಿನಿಂದ ಇವೆಯೋ. ಭಾರ್ಗವಿ ಹೊಳೆಯ ಬಳಿಯ ದೊಡ್ಡ ಸಂಪಿಗೆ ಮರಕ್ಕೆ ಅವರು ಇಂದಿಗೂ ಪೂಜೆ ಸಲ್ಲಿಸುತ್ತಾರೆ. ಬೆಟ್ಟದ ಒಂದೊಂದು ಭಾಗವೂ ಒಂದೊಂದು ಕುಲದ ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ಜಾಗಗಳು.

ಈ ಸೋಲಿಗರದ್ದು ತರಗು ಬೆಂಕಿ. ಎಲೆ ಉದುರಿ ಮುಗಿಯುವ ಹೊತ್ತಿಗೆ, ಜನವರಿ ಫೆಬ್ರವರಿಯಲ್ಲಿ, ಬೆಳಗಿನ ಇಬ್ಬನಿಯ ತೇವ ಇನ್ನೂ ನೆಲದಲ್ಲಿರುವಾಗ ಹಚ್ಚುತ್ತಿದ್ದ ಬೆಂಕಿ ಅದು. ಆ ತಿಂಗಳುಗಳಲ್ಲಿ ಹುಲ್ಲು ಪೂರ್ತಿ ಒಣಗಿರುವುದಿಲ್ಲ, ಬಿಸಿಗಾಳಿ ಎದ್ದಿರುವುದಿಲ್ಲ. ಜ್ವಾಲೆ ಮೊಳಕಾಲ ಮಟ್ಟ ಮೀರುವುದಿಲ್ಲ. ತೇವ ಸಿಕ್ಕ ಕಡೆ ತಾನಾಗಿಯೇ ಆರುತ್ತದೆ. ತರಗು ಸುಡುತ್ತದೆ, ಮರದ ತೊಗಟೆ ಕಪ್ಪಾಗುತ್ತದೆ, ಮರ ಸಾಯುವುದಿಲ್ಲ. ಎಲೆ ಉದುರುವ ಕಾಡಿನ ಮರಗಳೂ ಇಂಥ ಬೆಂಕಿಯ ಜೊತೆಗೇ ಬೆಳೆದಂಥವು. ಮತ್ತಿಯ ತೊಗಟೆಯನ್ನು ಮುಟ್ಟಿ ನೋಡಿ: ಮೊಸಳೆಯ ಬೆನ್ನಿನಂತೆ ದಪ್ಪ ದಪ್ಪ ಬಿಲ್ಲೆಗಳಾಗಿ ಬಿರಿದಿರುತ್ತದೆ, ಒಳಗಿನ ಜೀವದ ಪದರಕ್ಕೆ ಕಾವು ಮುಟ್ಟುವುದಿಲ್ಲ. ಸುಟ್ಟ ಜಾಗದಲ್ಲಿ ಹುಲ್ಲು ಚಿಗುರಿದಾಗ ಜಿಂಕೆ, ಕಾಟಿ ಬರುತ್ತವೆ. ಉಣುಗು ಕಡಿಮೆಯಾಗುತ್ತದೆ. ಜೇನಿಗೋ ನೆಲ್ಲಿಗೋ ಹೋಗುವವರಿಗೆ ದೂರದಲ್ಲಿರುವ ಆನೆ ಕಾಣುತ್ತದೆ.

1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಬೇಸಾಯ ನಿಂತಿತು, ಒಳಗಿದ್ದ ಹಲವು ಪೋಡುಗಳನ್ನು ರಸ್ತೆಯ ಬದಿಗೆ, ಕಾಡಿನ ಅಂಚಿಗೆ ತಂದು ಕೂರಿಸಿದರು. ತರಗು ಬೆಂಕಿಯೂ ಅಲ್ಲಿಗೆ ನಿಂತಿತು. ಮುಂದಿನ ದಶಕಗಳಲ್ಲಿ ಬೆಟ್ಟವನ್ನು ಹಿಡಿದದ್ದು ಲಂಟಾನ. ಅಮೆರಿಕ ಖಂಡದ ಉಷ್ಣವಲಯದಿಂದ 19ನೇ ಶತಮಾನದ ಆರಂಭದಲ್ಲಿ ಹೂದೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದ ಗಿಡ. ನಮ್ಮ ಹಳ್ಳಿಗಳ ಬೇಲಿ ಸಾಲಿನಲ್ಲಿ ಇದನ್ನು ನೋಡದವರಿಲ್ಲ.

ಇಲ್ಲಿ ವಿಜ್ಞಾನಿಗಳ ನಡೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ಒಂದು ಊಹೆ ಮುಂದಿಟ್ಟರು: ಬೆಂಕಿ ಬಿದ್ದಷ್ಟೂ ಲಂಟಾನ ಹಬ್ಬುತ್ತದೆ, ಲಂಟಾನ ಹಬ್ಬಿದಷ್ಟೂ ಬೆಂಕಿ ಜೋರಾಗುತ್ತದೆ, ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂದು. ಸೋಲಿಗರ ಹಿರಿಯರ ಮಾತು ಇದಕ್ಕೆ ತದ್ವಿರುದ್ಧವಾಗಿತ್ತು. ತರಗು ಬೆಂಕಿ ಇದ್ದಾಗ ಲಂಟಾನದ ಸಸಿ, ಬೀಜ ಸುಟ್ಟುಹೋಗುತ್ತಿದ್ದವು, ಬೆಂಕಿ ನಿಲ್ಲಿಸಿದ ಮೇಲೆಯೇ ಅದು ನಮ್ಮ ಕಾಡು ನುಂಗಿತು ಎಂದು ಅವರು ಹೇಳುತ್ತಿದ್ದರು. 1997ರಲ್ಲಿ ಬೆಟ್ಟದಾದ್ಯಂತ ನಡೆದಿದ್ದ ಸಮೀಕ್ಷೆಯನ್ನು 2008ರಲ್ಲಿ ಮತ್ತೆ ಮಾಡಿದರು. 11 ವರ್ಷಗಳಲ್ಲಿ ಲಂಟಾನ ಇರುವ ಜಾಗ ಸುಮಾರು ಇಮ್ಮಡಿಯಾಗಿತ್ತು. ಬೆಂಕಿ ಹತ್ತಿಕ್ಕಿದ ಕಾಲದಲ್ಲೇ ಇಷ್ಟೂ ಹಬ್ಬಿದ್ದು. ಊಹೆ ಮಂಡಿಸಿದ್ದ ಸಂಶೋಧಕರೇ ಸೋಲಿಗರ ತಿಳಿವಳಿಕೆಯನ್ನು ತಮ್ಮ ಅಧ್ಯಯನದ ಒಳಗೆ ತಂದು 2012ರಲ್ಲಿ ಪ್ರಕಟಿಸಿದರು. ತಮ್ಮದೇ ಮಾತನ್ನು ಹೀಗೆ ಮರುಪರೀಕ್ಷೆಗೆ ಒಡ್ಡುವುದು ದೊಡ್ಡ ಗುಣ.

ನೆಲ್ಲಿಯ ಮರದ ಮೇಲಿನ ಬಂದಳಿಕೆಯದೂ ಇದೇ ಕಥೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ನೆಲ್ಲಿಕಾಯಿ ಅವರ ಮನೆಗೆ ಕಾಸು ತರುತ್ತಿದ್ದ ಮುಖ್ಯ ಫಸಲು. ತರಗು ಬೆಂಕಿಯ ಕಾವು, ಹೊಗೆ ತಾಗುತ್ತಿದ್ದಾಗ ಉಪ್ಪಿಲು ಹತೋಟಿಯಲ್ಲಿರುತ್ತಿತ್ತು, ಈಗ ಅದು ಮರವನ್ನೇ ಹೀರಿ ಕೊಲ್ಲುತ್ತಿದೆ ಎಂದು ಅವರು ಹೇಳುತ್ತಾರೆ. ಕಾಯಿ ಜಾಸ್ತಿ ಕೊಯ್ಯುವುದರಿಂದ ನೆಲ್ಲಿ ಕಮ್ಮಿಯಾಗುತ್ತಿದೆ ಎಂದು ಸೋಲಿಗರನ್ನೇ ಬೆರಳು ಮಾಡಿ ತೋರಿಸುತ್ತಿದ್ದವರು ಈ ಮಾತನ್ನು ಬಹಳ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಬಂಡೀಪುರ. 2019ರ ಫೆಬ್ರವರಿ ಮೂರನೇ ವಾರದ ಕೊನೆಗೆ ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ವಲಯಗಳ ಕಡೆ ಬೆಂಕಿ ಎದ್ದಿತು. ಹಳದಿಗಟ್ಟಿದ ಹುಲ್ಲು, ಒಣಗಿ ನಿಂತ ಲಂಟಾನದ ಪೊದೆ, ಬಿರುಗಾಳಿ. ಲಂಟಾನದ ಕೊಂಬೆಗಳು ಮರದ ಮೇಲಕ್ಕೂ ಹತ್ತುವುದರಿಂದ ನೆಲದಲ್ಲಿ ಹರಿಯಬೇಕಾದ ಬೆಂಕಿ ಅದನ್ನೇ ಹಿಡಿದು ನೆತ್ತಿಗೆ ಏರುತ್ತದೆ. ಬೆಂಕಿ ರೇಖೆಗಳನ್ನು ಹಾರಿ ದಾಟಿತು. ಇಲಾಖೆಯ ಸಿಬ್ಬಂದಿ, ಬೆಂಕಿ ವಾಚರ್‌ಗಳು, ಸುತ್ತಲ ಊರುಗಳಿಂದ ಮೈಸೂರು ಬೆಂಗಳೂರಿನಿಂದ ಬಂದ ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಬಡಿದು ಆರಿಸಲು ಹೆಣಗಿದರು. 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಉಪಗ್ರಹ ಚಿತ್ರದ ಲೆಕ್ಕದಲ್ಲಿ ಸುಟ್ಟದ್ದು 10,900 ಎಕರೆಗೂ ಹೆಚ್ಚು. ಅದೇ ತಿಂಗಳ 23ರಂದು ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನದ ಪಾರ್ಕಿಂಗ್ ಮೈದಾನದ ಒಣ ಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರು ಸುಟ್ಟುಹೋದದ್ದು ಓದುಗರಿಗೆ ನೆನಪಿರಬಹುದು. ಆ ವಾರದ ನೆಲ ಎಷ್ಟು ಒಣಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡಿದ್ದರು.

ಇಂಥ ಬೆಂಕಿಗಳು ಹುಟ್ಟುವುದು ಹೇಗೆ? ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಬರುತ್ತದೆ ಎಂಬ ಮಾತು ನಮ್ಮಲ್ಲಿ ಹಳೆಯದು. ಸಿಡಿಲಂತೂ ನಮ್ಮಲ್ಲಿ ಬಹುತೇಕ ಮಳೆಯ ಜೊತೆಗೇ ಬರುತ್ತದೆ. ನಮ್ಮ ಕಾಡುಗಳ ಬೆಂಕಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯ ಹಚ್ಚಿದ್ದೇ. ಬಂಡೀಪುರದ್ದೂ ಹಾಗೆಯೇ ಎಂದು ಇಲಾಖೆ ಹೇಳಿತು. ಅಂದರೆ 150 ವರ್ಷಗಳ ನಿಷೇಧದಿಂದ ಬೆಂಕಿ ನಿಲ್ಲಲಿಲ್ಲ, ಅದರ ಹೊತ್ತು ಬದಲಾಯಿತು. ಜನವರಿಯ ಇಬ್ಬನಿಯಲ್ಲಿ ಕಂಡವರ ಎದುರು ಹತ್ತುತ್ತಿದ್ದದ್ದು ಈಗ ಬಿರುಬೇಸಿಗೆಯಲ್ಲಿ, ಗುಟ್ಟಾಗಿ, ಯಾರದೋ ಬೀಡಿಯಿಂದಲೋ ಯಾರದೋ ಸಿಟ್ಟಿನಿಂದಲೋ ಹತ್ತುತ್ತದೆ. ಕದ್ದು ಹಚ್ಚುವವನು ಪಕ್ಕದಲ್ಲಿ ನಿಂತು ಕಾಯುವುದಿಲ್ಲ.

ಅದರ ಮೇಲೆ ಈಗಿನ ಬಿಸಿಲು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತು, ನಗರದ ಇತಿಹಾಸದಲ್ಲೇ ಹೆಚ್ಚು. ಮೇ ತಿಂಗಳಲ್ಲಿ ರಾಜಸ್ಥಾನದ ಫಲೋದಿ 51 ಡಿಗ್ರಿ ಮುಟ್ಟಿತು. ಅದೇ ಬೇಸಿಗೆಯಲ್ಲಿ ಉತ್ತರಾಖಂಡ ಹೊತ್ತಿ, ಭೀಮತಾಲ್ ಕೆರೆಯಿಂದ ಹೆಲಿಕಾಪ್ಟರ್‌ಗಳು ನೀರೆತ್ತಿದವು. ದೇಶದ ಸರಾಸರಿ ಗರಿಷ್ಠ ತಾಪಮಾನದ ಲೆಕ್ಕದಲ್ಲಿ 2023ರ ಫೆಬ್ರವರಿ 1901ರಿಂದೀಚೆಗಿನ ಅತಿ ಬಿಸಿಯ ಫೆಬ್ರವರಿ. ಅದರ ಬೆನ್ನಿಗೇ ಮಾರ್ಚ್‌ನಲ್ಲಿ ನಮ್ಮ ನೆರೆಯ ಗೋವೆಯ ಮಹದಾಯಿ ಕಾಡುಗಳು ಉರಿದವು. ತೇವದ ಪಶ್ಚಿಮ ಘಟ್ಟದಲ್ಲಿ ಅಷ್ಟು ಬೆಂಕಿ ಜನ ಕಂಡಿರಲಿಲ್ಲ. 2024, ಹವಾಮಾನ ಇಲಾಖೆಯ ದಾಖಲೆಯಲ್ಲಿ ಭಾರತಕ್ಕೆ 1901ರಿಂದೀಚೆಗೆ ಅತ್ಯಂತ ಬಿಸಿಯ ವರ್ಷ. ಆ ಜೂನ್‌ನಲ್ಲಿ ಅಲ್ಮೋರಾದ ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಇಲಾಖೆಯ ತಂಡದ ನಾಲ್ವರು ಸ್ಥಳದಲ್ಲೇ ಸತ್ತರು. ಬಿನ್ಸರ್ ಇರುವುದು ಕುಮಾವೂಂನಲ್ಲಿ, 1921ರಲ್ಲಿ ಉರಿದ ಅದೇ ಸೀಮೆಯಲ್ಲಿ.

ಬೇಸಿಗೆ ಫೆಬ್ರವರಿಗೇ ಬಂದುಬಿಟ್ಟರೆ ತಂಪಾಗಿ ಸುಡಲು ಸಿಗುವ ದಿನಗಳೂ ಕಮ್ಮಿಯಾಗುತ್ತವೆ. ತರಗು ಬೆಂಕಿಯ ವಿಷಯವನ್ನು ಇನ್ನು ಇಪ್ಪತ್ತು ವರ್ಷ ಚರ್ಚಿಸುತ್ತ ಕೂರುವ ಹಾಗಿಲ್ಲ. ಅದನ್ನು ಕೈಯಾರೆ ಹಚ್ಚಿ ಬಲ್ಲ ಸೋಲಿಗರಿಗೆ ಈಗ ವಯಸ್ಸಾಗಿದೆ. ಆಸ್ಟ್ರೇಲಿಯ ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. ಅಲ್ಲಿನ ಉತ್ತರ ಭಾಗದ ಆರ್ನೆಮ್ ಲ್ಯಾಂಡಿನಲ್ಲಿ ಮೂಲನಿವಾಸಿಗಳೇ ರೇಂಜರ್‌ಗಳಾಗಿ, 2006ರಿಂದ, ಒಣಹವೆಯ ಆರಂಭದಲ್ಲಿ ಸಣ್ಣ ಸಣ್ಣದಾಗಿ ಸುಟ್ಟು ಕೊನೆಯ ತಿಂಗಳುಗಳ ದೊಡ್ಡ ಬೆಂಕಿಯನ್ನು ತಗ್ಗಿಸುತ್ತಿದ್ದಾರೆ. ಆ ಕೆಲಸಕ್ಕೆ ಅವರಿಗೆ ಹಣವೂ ಬರುತ್ತದೆ.

ಎಲ್ಲ ಕಾಡಿಗೂ ಕಿಚ್ಚಿಡಿ ಎಂದು ಯಾರೂ ಹೇಳುತ್ತಿಲ್ಲ. ಶೋಲಾಕ್ಕೆ, ಆಗುಂಬೆಯ ನಿತ್ಯಹರಿದ್ವರ್ಣಕ್ಕೆ ಬೆಂಕಿ ಆಗದು. ಅಲ್ಲಿನ ತೆಳು ತೊಗಟೆಯ ಮರ ಒಂದೇ ಸುಡಿಗೆ ಸಾಯುತ್ತದೆ. ಲಂಟಾನ ಆಳೆತ್ತರ ನಿಂತಿರುವ ಕಡೆ ಈಗಲೇ ಬೆಂಕಿ ಕೊಟ್ಟರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಮೊದಲು ಲಂಟಾನ ಕಿತ್ತು ಹಾಕಬೇಕು, ಹುಲ್ಲು ಬರಬೇಕು, ಆಮೇಲೆ ಸುಡುವ ಮಾತು.

2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯಡಿ ಅಲ್ಲಿನ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಕಾಯಿದೆಯ 5ನೇ ಸೆಕ್ಷನ್ ಕಾಡನ್ನೂ ವನ್ಯಜೀವಿಗಳನ್ನೂ ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ಇಲಾಖೆಯೂ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಬೆಂಕಿ ರೇಖೆಗಳನ್ನು ತಾನೇ ಸುಡುತ್ತದೆ. ಸುಡುವ ಕೆಲಸ ಅದಕ್ಕೆ ಹೊಸದಲ್ಲ. ಬರುವ ಡಿಸೆಂಬರ್‌ನೊಳಗೆ ಇಲಾಖೆಯ ಅಧಿಕಾರಿಗಳು ಈ ಗ್ರಾಮಸಭೆಗಳ ಜೊತೆ ಕೂತು, ಲಂಟಾನ ತೆಗೆದ ಒಂದಿಷ್ಟು ಜಾಗಗಳನ್ನು ಆರಿಸಿಕೊಂಡು, ಸೋಲಿಗರ ಹಿರಿಯರ ಕೈಯಿಂದಲೇ ತರಗು ಬೆಂಕಿ ಹಚ್ಚಿಸಲಿ. ವಿಜ್ಞಾನಿಗಳು ಮೊದಲು, ನಂತರ ಎರಡನ್ನೂ ಅಳೆಯಲಿ. ಫಲ ಏನೇ ಬರಲಿ, ಅದನ್ನು ಕನ್ನಡದಲ್ಲಿ ಜನರ ಮುಂದಿಡಲಿ. ಚಾಮರಾಜನಗರದ ಶಾಸಕರೂ ರಾಜ್ಯದ ಅರಣ್ಯ ಮಂತ್ರಿಗಳೂ ಇದಕ್ಕೆ ಒಪ್ಪಿಗೆ ಕೊಡಬೇಕು, ಓದುಗರು ಅವರನ್ನು ಕೇಳಬೇಕು.